ಅಕ್ಕ ರೇಡಿಯೊ ಬೆಸೆದ ಸಂಜೆ

ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ರೇಡಿಯೊದ ಮಾತೊಂದನ್ನು ಬಿಟ್ಟು. ನಗಬೇಡಿ ಮಕ್ಕಳೇ, ಖರೇ ಹೇಳುತ್ತಿದ್ದೇನೆ. ಹೊನ್ನಾವರದ ಹೊಳೆಬದಿಯಲ್ಲಿ ನಮ್ಮ ಮನೆ, ಎದುರಿಗೆ ಮಾವಿನಕುರ್ವೆ ನಡುಗಡ್ಡೆ. ಅಪ್ಪ ಸಂಜೆ ದೋಣಿ ಬಿಟ್ಟರೆ ಬೆಳಿಗ್ಗೆ ಮೀನು ಹೊತ್ತು ಬರುವವನು. ಹೊರಡುವ ಮೊದಲು ವಾರ್ತೆ ಕೇಳುತ್ತಿದ್ದ. ಅದರ ಕೊನೆಗೆ ಮೀನುಗಾರರಿಗೆಂದು ಎರಡು ಮಾತು ಬರುತ್ತಿತ್ತು. ‘ಸಮುದ್ರಕ್ಕೆ ಇಳಿಯಬಾರದು’ ಅಂದರೆ ಮಾತ್ರ ಬಲೆ ಕೆಳಗಿಡುತ್ತಿದ್ದ.

ಆ ದಿನ ಮಧ್ಯಾಹ್ನದಿಂದಲೇ ಗಾಳಿ ನಿಂತುಹೋಗಿತ್ತು. ತೆಂಗಿನ ಗರಿ ಒಂದೂ ಅಲ್ಲಾಡುತ್ತಿರಲಿಲ್ಲ. ಒಣಮೀನಿನ ವಾಸನೆ ಅಂಗಳ ಬಿಟ್ಟು ಕದಲುತ್ತಿರಲಿಲ್ಲ. ಅಮ್ಮನಿಗೆ ಅದು ಯಾಕೋ ಸರಿಬರಲಿಲ್ಲ.

“ಇವತ್ತು ಹೋಗುದು ಬ್ಯಾಡ,” ಅಂದಳು.

“ರೇಡಿಯೊ ಬ್ಯಾಡ ಹೇಳ್ರೆ ನಿಲ್ತೆ. ನಿನ್ನ ಹೆದರಿಕೆಗೆಲ್ಲ ನಿಲ್ಲುಕೆ ಆಗುದಿಲ್ಲ,” ಅಂದ ಅಪ್ಪ.

ಹೇಳಬೇಕಾದ ರೇಡಿಯೊ ಅವತ್ತೇ ಬಾಯಿ ಮುಚ್ಚಿಕೊಂಡು ಕೂತಿತ್ತು! ಅಪ್ಪ ಗುದ್ದಿ ನೋಡಿದ, ಅಲ್ಲಾಡಿಸಿ ನೋಡಿದ, ಗೊರಗೊರ ಅನ್ನುವ ಸದ್ದೂ ಇಲ್ಲ.

ನನ್ನ ಅಕ್ಕ ಆಗ ಪೇಟೆಯ ರೇಡಿಯೊ ಅಂಗಡಿಯಲ್ಲಿ ರಿಪೇರಿ ಕಲಿಯುತ್ತಿದ್ದಳು. ಹಿಂದಿನ ಮುಚ್ಚಳ ತೆಗೆದು ನೋಡಿದರೆ, ಬ್ಯಾಟರಿ ಕೂರುವ ಕಡೆ ಹಿತ್ತಾಳೆಯ ತಗಡಿನಿಂದ ತಂತಿ ಬಿಟ್ಟುಬಂದಿತ್ತು. ಉಪ್ಪುಗಾಳಿಯ ಕೆಲಸ. ಅಕ್ಕ ಚೂರಿಯಿಂದ ತಗಡನ್ನು ಹೆರೆದು ಹೊಳೆಯುವಂತೆ ಮಾಡಿ, ಬೆಸುಗೆ ಹಾಕುವ ತನ್ನ ಸೋಲ್ಡರಿಂಗ್ ಐರನ್ ತಂದಳು. ಇಪ್ಪತ್ತೈದು ವಾಟಿನದು, ಪೆನ್ಸಿಲಿನಷ್ಟು ಸಪೂರ ಮೂತಿ. ಕೂದಲೆಳೆಯಂಥ ತಂತಿಗಳಿಗೆ ಅದು ಸಾಕು. ಆದರೆ ಈ ತಗಡು ದಪ್ಪ. ಸಾಲದ್ದಕ್ಕೆ ಸಂಜೆಯ ಕರೆಂಟು, ಬಲ್ಬೇ ಕೆಂಪಗೆ ಮಿಣುಕುತ್ತಿತ್ತು. ಬೆಸುಗೆಯ ಸೀಸ ಕರಗಿ ಗುಂಡಾಗಿ, ತಗಡಿಗೆ ಅಂಟದೆ ಉರುಳಿ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು.

ಯಾಕೆ ಗೊತ್ತೇ? ಒಂದು ಲೋಟ ಬಿಸಿನೀರನ್ನು ಹಂಡೆಯ ತಣ್ಣೀರಿಗೆ ಹೊಯ್ದರೆ ಮೀಯಲು ಆಗುತ್ತದೆಯೇ? ಹಾಗೆ. ಸಣ್ಣ ಮೂತಿ ಕೊಟ್ಟ ಕಾವನ್ನೆಲ್ಲ ದೊಡ್ಡ ತಗಡು ನುಂಗಿಬಿಡುತ್ತಿತ್ತು. ಅಕ್ಕ ಹಟ ಹಿಡಿದು ಒತ್ತಿಯೇ ಇಟ್ಟಳು. ಸೀಸ ಅಂಟಲಿಲ್ಲ, ಸುತ್ತಲಿನ ಪ್ಲಾಸ್ಟಿಕ್ಕು ಮಾತ್ರ ಮೆತ್ತಗಾಗಿ ಕಮರು ವಾಸನೆ ಬಂತು. ಅಂಗಳದಲ್ಲಿ ಅಪ್ಪ ಬಲೆ ಮಡಚುತ್ತಿದ್ದ.

“ಎಂತ ಆತು? ಹೊತ್ತಾತು ನಂಗೆ,” ಅಪ್ಪ ಕೂಗಿದ.

“ತಡಿ ಅಪ್ಪಾ, ಆತು,” ಅಂದಳು ಅಕ್ಕ. ಆಗಿರಲಿಲ್ಲ.

ಆಮೇಲೆ ಅವಳು ಎದ್ದು, ದೋಣಿಯ ಸೀಮೆಎಣ್ಣೆ ದೀಪ ಸೋರಿದಾಗ ತೇಪೆ ಹಾಕಲು ಅಪ್ಪ ಇಟ್ಟುಕೊಂಡಿದ್ದ ಹಳೆಯ ಬೆಸುಗೆ ಕಾವಿ ತಂದಳು. ಕಬ್ಬಿಣದ ಹಿಡಿಕೆ, ತುದಿಗೆ ಸುತ್ತಿಗೆಯಷ್ಟು ದಪ್ಪದ ತಾಮ್ರದ ಗಟ್ಟಿ. ಅದನ್ನು ಒಲೆಯ ಕೆಂಡದಲ್ಲಿ ಹುಗಿದಳು. ತೆಂಗಿನ ಗೆರಟೆಯ ಕೆಂಡ. ನಾನು ಕಣ್ಣುರಿಯುತ್ತಿದ್ದರೂ ಊದಿದ್ದೇ ಊದಿದ್ದು.

ಈಗ ಇನ್ನೊಂದು ಹೆದರಿಕೆ. ಕಾವು ಕಡಿಮೆಯಾದರೆ ಸೀಸ ಹಿಡಿಯುವುದಿಲ್ಲ, ಹೆಚ್ಚಾದರೆ ರೇಡಿಯೊ ಕರಗಿ ಮುದ್ದೆಯಾಗುತ್ತದೆ. ಎಷ್ಟು ಕಾದಿದೆ ಎಂದು ಆ ತಾಮ್ರ ಬಾಯಿಬಿಟ್ಟು ಹೇಳುತ್ತದೆಯೇ?

“ಇತ್ಲಾಗೆ ತಾ,” ಅಂದಳು ಅಮ್ಮ. ಬೆರಳು ಅದ್ದಿ, ದೋಸೆ ಕಾವಲಿಗೆ ಚಿಮುಕಿಸುವ ಹಾಗೆ ತಾಮ್ರದ ಮೇಲೆ ನೀರು ಚಿಮುಕಿಸಿದಳು. ಹನಿಗಳು ನಿಲ್ಲದೆ ಹಾರಿಹೋದವು. “ಹೆಚ್ಚಾತು. ದೋಸೆ ಆಗಿದ್ರೆ ಸೀದು ಹೋಗ್ತಿತ್ತು. ತಡಿ.”

ಅಯ್ಯೋ, ಆ ಕಾಯುವುದು! ಅಪ್ಪ ಬಲೆ ಹೆಗಲಿಗೇರಿಸಿಯೂ ಆಗಿತ್ತು. ಅಮ್ಮ ಮತ್ತೆ ಚಿಮುಕಿಸಿದಳು. ಈ ಸಲ ಹನಿ ಮುತ್ತಾಗಿ ಮೆಲ್ಲಗೆ ಉರುಳಿತು.

“ಈಗ ಇಡು!”

ಅಕ್ಕ ಒಮ್ಮೆ ಮುಟ್ಟಿಸಿದಳು, ತೆಗೆದಳು. ಅಷ್ಟೇ. ಬೆಸುಗೆಗೆ ಹಚ್ಚಿದ್ದ ರಾಳದ ಹೊಗೆ ಏಳುವಷ್ಟರಲ್ಲಿ ಸೀಸ ಬಿಸಿ ಅನ್ನದ ಮೇಲಿನ ತುಪ್ಪದ ಹಾಗೆ ಹರಡಿ, ತಂತಿಯನ್ನು ಹಿಡಿದುಕೊಂಡಿತ್ತು. ಪ್ಲಾಸ್ಟಿಕ್ಕಿಗೆ ಬಿಸಿ ತಾಗಲು ಪುರಸೊತ್ತೇ ಸಿಕ್ಕಿರಲಿಲ್ಲ.

ಬ್ಯಾಟರಿ ಹಾಕಿದಾಗ ವಾರ್ತೆ ಮುಗಿಯುತ್ತ ಬಂದಿತ್ತು. ನಾವು ರೇಡಿಯೊಗೆ ಕಿವಿ ಹಚ್ಚಿ ಕೂತೆವು. ಗೊರಗೊರ ಸದ್ದಿನ ನಡುವೆ ಕೊನೆಗೂ ಆ ಮಾತು ಬಂತು: ಮೀನುಗಾರರು ಸಮುದ್ರಕ್ಕೆ ಇಳಿಯಬಾರದು.

ಅಪ್ಪ ಬಲೆಯನ್ನು ಅಲ್ಲೇ ಬಿಸಾಡಿ, ರೇಡಿಯೊ ಎತ್ತಿಕೊಂಡು ಹೊಳೆದಂಡೆಗೆ ಓಡಿದ. “ಇಳೀಬ್ಯಾಡಿ ಮಾರಾಯ್ರಾ, ಬನ್ನಿ ಹಿಂದೆ!” ಎಂದು ಹೊರಟ ದೋಣಿಗಳನ್ನೆಲ್ಲ ಕೂಗಿ ದಡಕ್ಕೆ ಕರೆಸಿಕೊಂಡ. ಕತ್ತಲಾಗುತ್ತಲೇ ಬೀಸಿದ ಗಾಳಿಗೆ ನಮ್ಮ ಮಾಡಿನ ಹೆಂಚು ಹಾರಿತು. ಅಪ್ಪ ಮನೆಯೊಳಗಿದ್ದ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಈಗ ನಿಮ್ಮ ಸೋಲ್ಡರಿಂಗ್ ಪೆಟ್ಟಿಗೆಯಲ್ಲಿ ಕಾವು ಅಂಕಿಯಲ್ಲೇ ಕಾಣುತ್ತದೆ. ಬೇಕಾದಷ್ಟಕ್ಕೆ ತಿರುಗಿಸಿ ಇಡುತ್ತೀರಿ, ತೆಳುವಿಗೊಂದು ದಪ್ಪಕ್ಕೊಂದು ಮೂತಿ ಬದಲಿಸುತ್ತೀರಿ. ನಾನು ನೀರು ಚಿಮುಕಿಸಲು ಬಂದರೆ “ಅಜ್ಜೀ, ಬೇಡ!” ಎಂದು ಕಿರುಚುತ್ತೀರಿ. ಆಯಿತು, ಚಿಮುಕಿಸುವುದಿಲ್ಲ. ಆದರೆ ನಿಮ್ಮ ಮೊಬೈಲಿಗೆ ಗಾಳಿಯ ಎಚ್ಚರಿಕೆ ಬಂದಾಗ, ಆಟಕ್ಕೆ ಅಡ್ಡ ಬಂತೆಂದು ಬೆರಳಿನಿಂದ ಸರಿಸಿಬಿಡುತ್ತೀರಲ್ಲ, ಅದನ್ನು ಕಂಡರೆ ನನ್ನ ಎದೆ ಈಗಲೂ ಡವಡವ ಅನ್ನುತ್ತದೆ. ಸರಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ಮಕ್ಕಳೇ. ಯಾರದೋ ಅಪ್ಪ ಬಲೆ ಹೆಗಲಿಗೇರಿಸಿ ನಿಂತಿರುತ್ತಾನೆ.