ತೆಗೆದು ಹಾಕಿ

ನನಗೆ ಓದಲು ಬರುತ್ತದೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನು. ನನ್ನ ತವರು ಮಾಧವರಂ ಕಡೆ. ಹೊಳೆ ದಾಟಿದರೆ ಕರ್ನಾಟಕ. ಕನ್ನಡ ಸಾಲೆಗೆ ಎರಡು ವರ್ಷ ಹೋಗಿದ್ದೆ, ಆಮೇಲೆ ಕುರಿಗಳ ಹಿಂದೆ ಕಳಿಸಿದರು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಇಲ್ಲಿ ಆದೋನಿಯಲ್ಲಿ ಬೋರ್ಡುಗಳೆಲ್ಲ ತೆಲುಗಿನವು, ಸೊಸೆ ಓದಿದ್ದೂ ತೆಲುಗು. ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತೇವೆ, ಓದುವವಳು ನಾನೊಬ್ಬಳೇ. ಆ ಜಂಬವೇ ನನ್ನನ್ನು ಕೆಡಿಸಿತು.

ಸೊಸೆ ಮನೆಯಲ್ಲೇ ಜಂಪರ್, ಅಂದರೆ ರವಿಕೆ, ಹೊಲಿಯುತ್ತಾಳೆ. ಮೊದಲು ಅಳತೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಇಡುತ್ತಿದ್ದಳು. ಒಂದು ವರ್ಷ ಇಲಿ ಎಲ್ಲವನ್ನೂ ಕಡಿದು ಹಾಕಿತು. ಅವತ್ತಿನಿಂದ ಫೋನಿನಲ್ಲಿ ಇಡತೊಡಗಿದಳು. ಅಳತೆ ಕೊಟ್ಟ ಹೆಂಗಸು ತನ್ನ ಚೀಟಿಯನ್ನು ಗದ್ದದ ಕೆಳಗೆ ಹಿಡಿದು ನಿಲ್ಲಬೇಕು, ಇವಳು ಫೋಟೋ ಹೊಡೆಯಬೇಕು. ಕಳ್ಳರ ಫೋಟೋ ತೆಗೆದ ಹಾಗೆ ಕಾಣುತ್ತಿತ್ತು. ಹೆಂಗಸರು ನಗುತ್ತಿದ್ದರು. ಮುಖವೂ ಸಿಗುತ್ತದೆ, ಅಳತೆಯೂ ಸಿಗುತ್ತದೆ. ಮೂರು ವರ್ಷದ ಗಿರಾಕಿಗಳೆಲ್ಲ ಆ ಫೋನಿನಲ್ಲಿದ್ದರು.

ಆ ಫೋನು ತುಂಬಿ ನಿಂತು ನಿಂತು ನಡೆಯತೊಡಗಿತು. ಸೊಸೆ ಹೊಸದು ತಂದಳು. ಅಗ್ಗದ್ದಲ್ಲ, ಭಾರಿಯದ್ದೂ ಅಲ್ಲ, ನಡುವಿನದು. ಅಮಾವಾಸ್ಯೆ ದಿನ ಬೇಡ ಎಂದು ನಾನು ತಡೆದಿದ್ದರಿಂದ ಅಮಾವಾಸ್ಯೆಯ ಮರುದಿನ ತಂದಳು. ಆ ದಿನ ಅದಕ್ಕೇ ನನಗೆ ನೆನಪಿದೆ. ಹಳೆಯದನ್ನು ನನಗೆ ಕೊಡುತ್ತೇನೆಂದು ಅದರ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದ್ದಳು. ಎರಡೂ ಫೋನುಗಳನ್ನು ಮಂಚದ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಏನ್ ಮಾಡಾಕತ್ತಿ?" ಎಂದು ಕೇಳಿದೆ.

"ಹಳೇದರಾಗಿನ ಫೋಟೋ ತೆಗೆದು ಹೊಸದರಾಗ ಹಾಕಾಕತ್ತೀನಿ ಅತ್ತಿ. ಬ್ಯಾಕಪ್ ಅಂತಾರ ಇದಕ್ಕ. ಬಾಳ ಹೊತ್ತು ಹಿಡಿತೈತಿ."

ನಲ್ಲಿಯಲ್ಲಿ ನೀರು ಬಂತು. ಬಿಂದಿಗೆ ಹಿಡಿದು ಅವಳು ಹೊರಗೆ ಹೋದಳು. ನಾನು ಹಳೆಯ ಫೋನು ಕೈಗೆ ತೆಗೆದುಕೊಂಡೆ. ಫೋಟೋಗಳು ಸಾಲಾಗಿ ಕಂಡವು. ಒಂದರ ಮೇಲೆ ಬೆರಳು ಒತ್ತಿ ಹಿಡಿದರೆ ಗುರುತು ಬೀಳುತ್ತದೆ, ಜಗ್ಗಿದರೆ ಎಲ್ಲಕ್ಕೂ ಬೀಳುತ್ತದೆ. ಅವಳು ಮಾಡುವುದನ್ನು ನೋಡಿದ್ದೆ. ಎಲ್ಲಕ್ಕೂ ಹಾಕಿದೆ. ಕೆಳಗೆ ಅಕ್ಷರ ಬಂತು. ಕೂಡಿಸಿ ಓದಿದೆ: ತೆ-ಗೆ-ದು-ಹಾ-ಕಿ.

ಸೊಸೆ ಹೇಳಿದ ಮಾತೇ ಇದು. ತೆಗೆದು, ಹಾಕಿ. ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಿ. ಫೋನು ಕನ್ನಡದಲ್ಲಿ ನನ್ನನ್ನೇ ಕೇಳುತ್ತಿದೆ, ಸೊಸೆಗೆ ಇದು ಓದಲು ಬರುವುದಿಲ್ಲ. ಒತ್ತಿದೆ. ಇನ್ನೊಂದು ಸಲ ಕೇಳಿತು, ಇನ್ನೊಂದು ಸಲ ಒತ್ತಿದೆ. ಪರದೆ ಬೆಳ್ಳಗಾಯಿತು. ಎಲ್ಲ ಆ ಕಡೆ ಹೋದವು, ಕೆಲಸ ಬೇಗ ಆಯಿತು ಎಂದುಕೊಂಡು ಹೊಸ ಫೋನು ನೋಡಿದೆ. ಅದರಲ್ಲಿದ್ದವೂ ನನ್ನ ಕಣ್ಣ ಮುಂದೆಯೇ ಒಂದೊಂದಾಗಿ ಹೋದವು. ಎರಡಕ್ಕೂ ಖಾತೆ ಒಂದೇ, ಒಂದರಲ್ಲಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ ಎಂದು ಆಮೇಲೆ ತಿಳಿಯಿತು. ಫೋನನ್ನು ಇದ್ದಲ್ಲೇ ಇಟ್ಟು, ಹಿತ್ತಲಿಗೆ ಹೋಗಿ ಕಟ್ಟಿಗೆ ಒಟ್ಟತೊಡಗಿದೆ.

ಸೊಸೆ ಕೂಗಿದಳು. "ಅತ್ತಿ! ಫೋಟೋ ಒಂದೂ ಇಲ್ಲ!"

ನಾನು ಹೇಳಿದ್ದು ಇಷ್ಟು: "ನೀರು ಬಂತಂತ ಅರ್ಧಕ್ಕ ಬಿಟ್ಟು ಓಡಿದ್ಯಲ್ಲ, ಕೆಟ್ಟಿರತೈತಿ."

ಅವಳು ನಂಬಿದಳು. ದಾಟಿಸುವಾಗ ಎಲ್ಲೋ ಕೆಟ್ಟಿತು ಎಂದುಕೊಂಡಳು. ಯಾರೋ ಅಳಿಸಿದ್ದಾರೆ ಎಂದು ಅವಳ ಮನಸ್ಸಿಗೆ ಬರಲೇ ಇಲ್ಲ. ಓಣಿಯ ಹೆಂಗಸರ ಮುಂದೆಯೂ ನಾನು ಅದನ್ನೇ ಹೇಳಿದೆ. ನಮ್ಮ ಸೊಸೆಗೆ ನಿಗಾ ಸಾಲದು ಎಂದೆ. ಒಂದು ಸಲ ಹೇಳಿದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ.

ಮದುವೆಗಳ ಕಾಲ. ಬಂದವರನ್ನೆಲ್ಲ ಸೊಸೆ ಮತ್ತೆ ಟೇಪು ಹಿಡಿದು ಅಳೆದಳು.

"ಏಮ್ಮಾ, ಮಳ್ಳೀ ಕೊಲತಲಾ?" ಎಂದು ಒಬ್ಬಳು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಹೊರಳಿದಳು. "ಮತ್ತ ಅಳತಿ ಯಾಕ? ಹೋದ ಹಬ್ಬಕ್ಕ ಕೊಟ್ಟೀನಲ್ಲ. ಅಷ್ಟರಾಗ ನಾನೇನ್ ಎಮ್ಮಿ ಆಗೀನೇನ?"

"ಇಲ್ರೀ ಅಕ್ಕ, ತಪ್ಪು ನಂದು, ಫೋನ್ ಕೆಟ್ಟೋತು," ಎಂದು ಸೊಸೆ ನಕ್ಕಳು. ನಾನು ಅಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ.

ಬರಲಾಗದವಳು ಒಬ್ಬಳೇ. ದೇವನಕೊಂಡದ ಕಡೆಯ ಮದುಮಗಳು. ನಿಶ್ಚಿತಾರ್ಥಕ್ಕೆ ಮೊದಲು ಅಳತೆ ಕೊಟ್ಟು ಎಲ್ಲಿಯೋ ದೂರ ಹಾಸ್ಟೆಲ್ಲಿಗೆ ಹೋಗಿದ್ದಳು, ಮದುವೆಯ ಹಿಂದಿನ ದಿನ ಬರುವವಳಿದ್ದಳು. ಅವಳ ತಾಯಿ ರೇಷ್ಮೆ ಬಟ್ಟೆ ತಂದುಕೊಟ್ಟು ಹೋಗಿದ್ದಳು. ಸೊಸೆಗೆ ಅದು ದೊಡ್ಡ ಮನೆಯ ಮೊದಲ ಕೆಲಸ. ಚೆನ್ನಾಗಿ ಬಂದರೆ ಆ ಊರಿನ ಹೆಂಗಸರೆಲ್ಲ ಬರುತ್ತಾರೆ ಎಂದು ಹೇಳಿಕೊಂಡಿದ್ದಳು. ಅಳತೆ ಕಳೆಯಿತೆಂದು ಆ ತಾಯಿಗೆ ಹೇಳಿದರೆ ಕೆಲಸವೇ ಕೈ ತಪ್ಪುತ್ತದೆ ಎಂದು ಹೆದರಿದ್ದಳು.

ಮುಂದಿನ ಅಮಾವಾಸ್ಯೆಗೆ ಎರಡು ದಿನ ಇರುವಾಗ ನಾನು ಚಾರ್ಜರ್ ತರಲು ಫೋನಿನ ಅಂಗಡಿಗೆ ಹೋದೆ. ಅಲ್ಲಿ ಯಾರೋ ಒಬ್ಬ, ಹೆಂಡತಿಯ ಸೀಮಂತದ ಫೋಟೋ ಅಳಿಸಿಬಿಟ್ಟೆ ಎಂದು ಗೋಳಾಡುತ್ತಿದ್ದ. ಅಂಗಡಿಯವ ನಕ್ಕ.

"ಅರೆ, ಯಾಕ ಗಾಬ್ರಿ ಆಗ್ತೀರಿ? ಅಳಿಸಿದ ಫೋಟೋ ಫೋನಿನ ಕಸದ ಡಬ್ಬ್ಯಾಗ ಬಿದ್ದಿರತಾವ. ಮೂವತ್ತ ದಿನ ಅಲ್ಲೇ ಇರತಾವ, ವಾಪಸ್ ತರಬೌದು. ಆಮ್ಯಾಲ ಮಾತ್ರ ದೇವರು ಬಂದ್ರೂ ಆಗಂಗಿಲ್ಲ."

ನಾನು ಬೆರಳು ಮಡಿಸಿ ಎಣಿಸಿದೆ. ಅಮಾವಾಸ್ಯೆಯ ಮರುದಿನ ಒತ್ತಿದ್ದು. ಅಮಾವಾಸ್ಯೆ ಇನ್ನೂ ಬಂದಿಲ್ಲ. ಮೂವತ್ತು ತುಂಬಲು ಇನ್ನೂ ಎರಡು ಮೂರು ದಿನ ಇದೆ.

ಮನೆಗೆ ಬಂದಾಗ ಸೊಸೆ ಆ ರೇಷ್ಮೆ ಬಟ್ಟೆಯನ್ನು ಹಾಸಿಕೊಂಡು ಕತ್ತರಿ ಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದಳು.

"ಅತ್ತಿ, ಆ ಮದುಮಗಳು ನಿಮ್ಮ ಕಣ್ಣಿಗೆ ಎಷ್ಟ ದಪ್ಪ ಇದ್ಲು? ನೆಪ್ಪ ಮಾಡ್ಕೊಳ್ರಿ."

ಹೇಳುವುದಿದ್ದರೆ ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಹೇಳಿದರೆ ಓಣಿಯ ಹೆಂಗಸರಿಗೆಲ್ಲ ತಿಳಿಯುತ್ತದೆ, ಓದು ಬರುತ್ತದೆ ಅಂತಿದ್ದ ಮುದುಕಿ ಏನು ಓದಿದಳು ಎಂದು ನಗುತ್ತಾರೆ. ನನಗೆ ಕಂಡದ್ದು ಅದು ಮಾತ್ರ.

"ನಿನ್ನಷ್ಟ ಇದ್ಲು," ಎಂದೆ.

ಅವಳು ತನ್ನ ಅಳತೆಗೇ ಕತ್ತರಿಸಿದಳು.

ಮದುವೆ ಮುಗಿದ ಮೇಲೆ ಮದುಮಗಳ ತಾಯಿ ಆ ಜಂಪರನ್ನು ತಂದು ಹೊಲಿಗೆ ಮಿಷನ್ನಿನ ಮೇಲೆ ಒಗೆದಳು. ಬೆನ್ನಿನಲ್ಲಿ ಪಿನ್ನು ಚುಚ್ಚಿದ ತೂತುಗಳಿದ್ದವು. "ನನ್ನ ಮಗಳು ಸೆರಗು ಹೊದ್ದಕೊಂಡ ಕುಂತಾಳ ಮಂಟಪದಾಗ. ನಿನ್ನ ಫೋನಿನ ಕಥಿ ನನಗ ಬ್ಯಾಡ," ಎಂದಳು. ಸೊಸೆ ತಲೆ ತಗ್ಗಿಸಿ ನಿಂತಳು. ಆ ಊರಿನಿಂದ ಆಮೇಲೆ ಒಬ್ಬರೂ ಬರಲಿಲ್ಲ.

ಇಷ್ಟನ್ನು ಅಕ್ಷರ ಕೂಡಿಸಿ ಕೂಡಿಸಿ ಕನ್ನಡದಲ್ಲಿ ಬರೆದಿಟ್ಟೆ. ಮನೆಯಲ್ಲಿ ಇನ್ನಾರಿಗೂ ಇದು ಓದಲು ಬರುವುದಿಲ್ಲ ಎಂಬ ಧೈರ್ಯದಿಂದಲೇ ಬರೆದದ್ದು. ಆ ಧೈರ್ಯಕ್ಕೂ ನನಗೆ ನಾಚಿಕೆಯಾಗಬೇಕು.

ನಿನ್ನೆ ಸೊಸೆ ಮಿಷನ್ ತುಳಿಯುತ್ತಲೇ ಕೇಳಿದಳು. "ವಾರದಿಂದ ಏನ್ ಬರಿಯಾಕತ್ತೀರಿ ಅತ್ತಿ? ನನಗೂ ಓದಿ ಹೇಳ್ರಿ."

ಸುಳ್ಳು ಓದಬಹುದಿತ್ತು, ಅವಳಿಗೆ ಗೊತ್ತಾಗುತ್ತಿರಲಿಲ್ಲ. ಇದ್ದದ್ದನ್ನೇ ಓದಿದೆ. ಒತ್ತಿದ್ದನ್ನು ಓದುವಾಗ ಅವಳು ಮಿಷನ್ ನಿಲ್ಲಿಸಲಿಲ್ಲ. ಅಂಗಡಿಯವನ ಮಾತಿಗೆ ಬಂದಾಗ ನಾನು ಓದು ನಿಲ್ಲಿಸಿದೆ.

"ಮುಂದ?" ಎಂದಳು.

ಮುಂದಿನದನ್ನೂ ಓದಿದೆ. ಮಿಷನ್ ನಿಂತಿತು.

"ನೀವು ಅಂಗಡಿಯಿಂದ ಬಂದಾಗ ನಾ ಇಲ್ಲೇ ಕುಂತಿದ್ನಲ್ಲ, ಅತ್ತಿ."

"ಹೌದು. ಇಲ್ಲೇ ಕುಂತಿದ್ದಿ."

ಅವಳು ಎದ್ದು ಬಂದು ತಾನೇ ನನಗೆ ಕೊಟ್ಟಿದ್ದ ಹಳೆಯ ಫೋನನ್ನು ನನ್ನ ಪಕ್ಕದಿಂದ ತೆಗೆದುಕೊಂಡಳು, ಅದಕ್ಕೆ ನಂಬರಿನ ಬೀಗ ಹಾಕಿ ವಾಪಸ್ ಅಲ್ಲೇ ಇಟ್ಟಳು. ನಾನು ನಂಬರು ಕೇಳಲಿಲ್ಲ.