ಹದಿನಾರು ಮೊಳದ ಸೀರೆ, ಆರು ಮಡಿಕೆ

ಮಾರಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಎರಡು ಸಲವೂ ಬೀಜಗಣಿತದಲ್ಲೇ. ಮಿಕ್ಕದ್ದೆಲ್ಲ ಪಾಸು.

ಕುಂಸಿಯ ಕಡೆಯ ಒಕ್ಕಲು ಮನೆಯ ಕೊನೆಯ ಮಗ ಅವನು. ಶಿವಮೊಗ್ಗದಲ್ಲಿ ಓದಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇದ್ದಿಲು ಹೊರುವ ಕೆಲಸಕ್ಕೆ ಸೇರಿದ್ದ. ಕೈಬರಹ ಮುತ್ತಿನಂಥದ್ದು, ಗೆರೆ ಎಳೆದರೆ ದಾರ ಹಿಡಿದ ಹಾಗೆ ನೆಟ್ಟಗೆ. ಪಾಸು ಮಾಡಿಕೊಂಡು ಬಂದರೆ ನಕ್ಷೆ ಬರೆಯುವ ಆಫೀಸಿಗೆ ತೆಗೆದುಕೊಳ್ಳುತ್ತೇವೆ ಎಂದು ಅಲ್ಲಿನವರು ಹೇಳಿದ್ದರು. ಅಷ್ಟರಲ್ಲಿ ಊರಿನಿಂದ ಅಣ್ಣ ಕರಿಯಣ್ಣ ಬಂದು ಜಗಲಿಯ ಮೇಲೆ ಕೂತ.

"ಈ ಸಲವೂ ಹೋಯ್ತೂಂದ್ರೆ ಗಂಟು ಕಟ್ಟು ಮಾರಾಯ. ಇದ್ದಿಲು ಮುಟ್ಟೋದಕ್ಕೆ ಇಷ್ಟು ದೂರ ಯಾಕೆ? ಮನೇಲೂ ಒಲೆ ಇದೆ."

ಒಳಗೆ ರೊಟ್ಟಿ ತಟ್ಟುತ್ತಿದ್ದ ಮಾರಪ್ಪನ ಹೆಂಡತಿ ಜಲಜಳ ಕೈ ನಿಂತಿತು. ಮದುವೆಯಾಗಿ ಆಗಿನ್ನೂ ಎರಡನೇ ವರ್ಷ. ಓಲ್ಡ್ ಟೌನಿನ ಆ ಒಂದಂಕಣದ ಬಾಡಿಗೆ ಮನೆಯಲ್ಲಿ ಗಂಡ ಅವಳಿಗೆ ಅಕ್ಷರ ಕಲಿಸುತ್ತಿದ್ದ. ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿತ್ತು. ಕುಂಸಿಗೆ ಹೋದರೆ ಮೂವರು ಓರಗಿತ್ತಿಯರು, ಒಂದು ದೊಡ್ಡ ಅಡಿಗೆಮನೆ, ತುಂಬಿದ ಕೊಟ್ಟಿಗೆ. ಸ್ಲೇಟು ಹಿಡಿದು ಕೂತರೆ ಅಲ್ಲಿ ಯಾರು ಬಿಟ್ಟಾರು? ಒತ್ತಕ್ಷರ ಅಲ್ಲಿಗೇ ನಿಂತುಹೋಗುತ್ತಿತ್ತು. ಈ ಸಲ ಅವನು ಪಾಸಾಗಲೇಬೇಕಿತ್ತು. ಅವನಿಗಿಂತ ಅವಳಿಗೆ.

ಅವನ ತಪ್ಪು ಇಷ್ಟೇ. ಎಕ್ಸ್ ಅಂತ ಒಂದು ಅಕ್ಷರ. ಅದರ ತಲೆಯ ಮೇಲೆ ಪುಟ್ಟದಾಗಿ ಆರು. ಆರು ಎಕ್ಸ್‌ಗಳನ್ನು ಒಂದಕ್ಕೊಂದು ಗುಣಿಸಿದೆ ಎಂದು ಅದರ ಅರ್ಥ. ಅದನ್ನು ತಲೆಯ ಮೇಲೆ ಎರಡಿರುವ ಎಕ್ಸ್‌ನಿಂದ ಭಾಗಿಸು ಎಂದರೆ, ಮಾರಪ್ಪ ಆರನ್ನು ಎರಡರಿಂದ ಭಾಗಿಸಿ ಮೂರು ಎಂದು ಬರೆಯುತ್ತಿದ್ದ. ಸರಿ ಉತ್ತರ ನಾಲ್ಕು. ತಲೆಯಂಕಿಯನ್ನು ಕಳೆಯಬೇಕು, ಭಾಗಿಸಬಾರದು. ಅವನಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. ನಾಲ್ವರು ಅಣ್ಣತಮ್ಮಂದಿರ ಮನೆಯಲ್ಲಿ ಹುಟ್ಟಿದವನು. ಭಾಗ ಎಂದರೆ ಅಲ್ಲಿ ಪಾಲು. ಗದ್ದೆಗೂ ಪಾಲು, ಹಂಡೆಗೂ ಪಾಲು, ಕೊನೆಗೆ ಹಲಸಿನ ಮರದ ಕೊಂಬೆಗೂ ಪಾಲು. ಕಂಡದ್ದನ್ನೆಲ್ಲ ಪಾಲು ಮಾಡುವುದೇ ನ್ಯಾಯ ಎಂದು ಬೆಳೆದವನು ತಲೆಯ ಮೇಲಿನ ಅಂಕಿಯನ್ನು ಮಾತ್ರ ಬಿಟ್ಟಾನೆಯೇ?

ಶಿವಮೊಗ್ಗದಲ್ಲಿ ತನಗೆ ಲೆಕ್ಕ ಕಲಿಸಿದ್ದ ಲಕ್ಷ್ಮೀಕಾಂತ ಮೇಷ್ಟ್ರನ್ನು ಕೇಳಿಕೊಂಡು ಬಂದ. "ಕಳೀಬೇಕು ಅಂದ್ರೆ ಕಳೀಬೇಕು, ಬಾಯಿಪಾಠ ಮಾಡ್ಕೋ" ಎಂದರಂತೆ. ಬಾಯಿಪಾಠ ಮಾಡಿದ. ಮನೆಯಲ್ಲಿ ಸರಿ ಬರುತ್ತಿತ್ತು. ಪರೀಕ್ಷೆಗೆ ಕೂತನೋ, ಪಾಲು ಒಳಗೆ ಬಂದು ಕೂರುತ್ತಿತ್ತು.

"ಭಾಗಿಸು ಅಂತ ಹೇಳಿ ಕಳೆಯೋದು ಯಾವ ನ್ಯಾಯ ಕಣೇ?" ಎಂದು ಜಲಜಳನ್ನೇ ಕೇಳುತ್ತಿದ್ದ.

"ನನಗೇನು ಗೊತ್ತು? ನನಗಿನ್ನೂ ಕ್ಷ ಬರೆಯೋಕೆ ಬರಲ್ಲ."

ಒಂದು ಭಾನುವಾರ ಬೆಳಿಗ್ಗೆ ಜಲಜ ತನ್ನ ಮದುವೆಯ ಗಿಳಿಹಸಿರು ಸೀರೆ ಒಗೆದು ಒಣಹಾಕಿದ್ದಳು. ಹದಿನಾರು ಮೊಳ. ಒಬ್ಬಳ ಕೈಗೆ ನಿಲ್ಲುವಂಥದ್ದಲ್ಲ. ಪಕ್ಕದ ಮನೆಯ ಕುಲ್ಸುಂ ಬಂದು ಇನ್ನೊಂದು ತುದಿ ಹಿಡಿದಳು. ಅವಳ ಗಂಡ ರಸೂಲ್ ಸಾಬ್ ಕಾರ್ಖಾನೆಯಲ್ಲಿ ಫಿಟ್ಟರು. ಇಬ್ಬರೂ ಎದುರೆದುರು ನಡೆದು ಬಂದು ತುದಿಗೆ ತುದಿ ಸೇರಿಸಿದರು. ಒಂದು ಮಡಿಕೆ. ಮತ್ತೆ ಹಿಂದೆ ಸರಿದು, ಮತ್ತೆ ಎದುರು ಬಂದರು. ಎರಡು ಮಡಿಕೆ. ಮಾರಪ್ಪ ಹೊಸ್ತಿಲ ಮೇಲೆ ಪುಸ್ತಕ ಬಿಡಿಸಿಕೊಂಡು ಕೂತಿದ್ದ.

"ಅರೆ ಜಲಜಕ್ಕ, ನಿಮ್ಮ ಯಜಮಾನ್ರು ಪುಸ್ತಕ ನೋಡ್ತಾರೋ, ಪುಸ್ತಕಾನೇ ಅವರನ್ನ ನೋಡ್ತದೋ?"

"ಒಂದಕ್ಕೊಂದು ನೋಡ್ಕೊಂಡು ಎರಡೂ ಹೆದರಿವೆ ಬಿಡು."

ಮಡಿಸಿ ಮುಗಿದ ಮೇಲೆ ಜಲಜ ಕೈಯಾಡಿಸಿದಳು. ಸೆರಗು ಇನ್ನೂ ಹಸಿ. "ಬಿಚ್ಚು ಬಿಚ್ಚು, ಮುಗ್ಗಲು ಬಂದೀತು" ಎಂದು ಹಗ್ಗದ ಮೇಲೆ ಹಾಕುವಷ್ಟಕ್ಕೆ ಎರಡು ಮಡಿಕೆ ಬಿಚ್ಚಿದಳು.

ಮಾರಪ್ಪ ಎದ್ದು ನಿಂತ. "ನಿಲ್ಲಿ! ಎಷ್ಟು ಮಡಿಕೆ ಹಾಕಿದ್ರಿ?"

"ಆರು. ಸೀರೆ ಮಡಿಸೋಕೂ ನಿಮಗೆ ಲೆಕ್ಕ ಒಪ್ಪಿಸಬೇಕಾ ಈಗ?"

"ಎಷ್ಟು ಬಿಚ್ಚಿದ್ರಿ?"

"ಎರಡು."

"ಈಗ ಉಳಿದಿರೋದು?"

"ನಾಲ್ಕು" ಎಂದಳು ಕುಲ್ಸುಂ. "ಮತ್ತೇನು, ಮೂರಾ?"

ಮಾರಪ್ಪ ಓಡಿಬಂದು ಸೀರೆಯ ಅಂಚು ಹಿಡಿದು ಪದರ ಎಣಿಸಿದ. ಒಂದು ಮಡಿಕೆಗೆ ಎರಡು ಪದರ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಆರಕ್ಕೆ ಅರವತ್ತನಾಲ್ಕು. ಈಗ ಕೈಯಲ್ಲಿದ್ದದ್ದು ಹದಿನಾರು. ಒಂದು ಮಡಿಕೆ ಬಿಚ್ಚಿದರೆ ಪದರ ಅರ್ಧವಾಗುತ್ತದೆ, ಇನ್ನೊಂದು ಬಿಚ್ಚಿದರೆ ಕಾಲಾಗುತ್ತದೆ. ಅರವತ್ತನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಹದಿನಾರೇ.

"ಬಿಚ್ಚೋದೇ ಭಾಗಿಸೋದು ಕಣೇ! ತಲೆ ಮೇಲಿರೋದು ಮಡಿಕೆ ಲೆಕ್ಕ. ಮಡಿಕೇನ ಯಾರಾದ್ರೂ ಪಾಲು ಮಾಡ್ತಾರಾ? ಬಿಚ್ಚಿದಷ್ಟು ಕಳೀತದೆ ಅಷ್ಟೇ!"

"ಇದನ್ನ ನಾವು ಹೇಳ್ಬೇಕಿತ್ತಾ?" ಎಂದು ಕುಲ್ಸುಂ ಬಾಯಿಗೆ ಸೆರಗು ಒತ್ತಿ ನಕ್ಕಳು.

ಅವನು ಬಿಡಲಿಲ್ಲ. ಆ ಇಬ್ಬರನ್ನೂ ಊಟದ ಹೊತ್ತಿನ ತನಕ ಅಂಗಳದಲ್ಲಿ ಹಿಂದೆ ಮುಂದೆ ನಡೆಸಿದ. ಪ್ರತಿ ಸಲವೂ ಮೂರು ಪದರವಾಗುವ ಹಾಗೆ ಮಡಿಸಿದರೂ ಮಡಿಕೆಯ ಲೆಕ್ಕ ಅದೇ. ಎಕ್ಸ್ ಎಂದರೆ ಎರಡೂ ಆದೀತು, ಮೂರೂ ಆದೀತು. ಹನ್ನೆರಡು ಸೀರೆ, ಒಂದೊಂದಕ್ಕೂ ಆರು ಮಡಿಕೆ. ಮೂವರಿಗೆ ಹಂಚಿ, ಎರಡೆರಡು ಮಡಿಕೆ ಬಿಚ್ಚಿದರೆ? ಒಬ್ಬೊಬ್ಬರಿಗೆ ನಾಲ್ಕು ಸೀರೆ, ಒಂದೊಂದಕ್ಕೂ ನಾಲ್ಕು ಮಡಿಕೆ. ಅಕ್ಷರದ ಮುಂದೆ ನಿಂತ ಅಂಕಿಗೆ ಪಾಲು, ತಲೆಯ ಮೇಲಿನ ಅಂಕಿಗೆ ಬಿಚ್ಚುವುದು. ಅವನ ಮನೆಯ ನ್ಯಾಯಕ್ಕೂ ಒಂದು ಜಾಗ ಸಿಕ್ಕಿತು. ಅವನಿಗೆ ಅದೇ ಹೆಚ್ಚು ಸಮಾಧಾನ ಕೊಟ್ಟಿತು.

ಕೊನೆಗೆ ಕೇಳಿದ: "ಆರು ಹಾಕಿ ಆರೂ ಬಿಚ್ಚಿದ್ರೆ ಏನು ಉಳೀತದೆ?"

"ಮಡಿಕೆ ಒಂದೂ ಇಲ್ಲ."

"ಸೀರೆ?"

"ಸೀರೆ ಎಲ್ಲಿಗೆ ಹೋಗ್ತದೆ? ಇಲ್ಲೇ ಇದೆಯಲ್ಲ."

ಅದೂ ಅವನು ತಪ್ಪುತ್ತಿದ್ದ ಲೆಕ್ಕವೇ. ಮೇಲೂ ಕೆಳಗೂ ಒಂದೇ ಇದ್ದರೆ ಎಲ್ಲ ಹೊಡೆದುಹೋಗಿ ಸೊನ್ನೆ ಎಂದು ಬರೆಯುತ್ತಿದ್ದ. ಸೊನ್ನೆ ತಲೆಯ ಮೇಲೆ ಮಾತ್ರ. ಉತ್ತರ ಒಂದು.

ಪರೀಕ್ಷೆ ಶಿವಮೊಗ್ಗದಲ್ಲಿ. ರೈಲಿಗೆ ಹೋಗಿ ರೈಲಿಗೆ ಬಂದ. ಲೆಕ್ಕ ಬಿಡಿಸುವಾಗ ಕೈ ತಾನಾಗಿ ಗಾಳಿಯಲ್ಲಿ ಮಡಿಕೆ ಬಿಚ್ಚುತ್ತಿತ್ತಂತೆ. ಕಾವಲು ನಿಂತವರು "ಏನ್ರೀ, ಸೆಕೆಯಾ?" ಎಂದು ಕಿಟಕಿ ತೆಗೆಸಿದರಂತೆ. ಪಾಸಾದ. ಕುಲ್ಸುಂ ಶಾವಿಗೆ ಪಾಯಸ ಮಾಡಿ ತಂದಳು. ಜಲಜಳ ಒತ್ತಕ್ಷರ ಮುಂದೆ ಸಾಗಿತು.

ಆಮೇಲಿನ ಹನ್ನೆರಡು ವರ್ಷ ಒಳ್ಳೆಯ ವರ್ಷಗಳು. ಮಕ್ಕಳಾಗಲಿಲ್ಲ. ಅದಕ್ಕೆ ಅವನು ಒಂದು ದಿನವೂ ಒಂದು ಮಾತು ಆಡಲಿಲ್ಲ. ನಕ್ಷೆ ಆಫೀಸಿನಿಂದ ಬಂದು, ಮುಖ ತೊಳೆದು, ಜಗಲಿಯ ಮೇಲೆ ಕೂಲಿಯವರಿಗೆ ಪಾಠ ಹೇಳುತ್ತಿದ್ದ. ತಮಿಳಿನವರು, ತೆಲುಗಿನವರು, ಸಾಬರು, ಯಾರು ಬಂದರೂ ಸರಿ. ರಸೂಲ್ ಸಾಬ್ ಮೊದಲ ಶಿಷ್ಯ. ತಲೆಯಂಕಿಯ ಪಾಠ ಬಂದ ದಿನ ಮಾತ್ರ ಮಾರಪ್ಪ ಒಳಗೆ ಕೂಗುತ್ತಿದ್ದ: "ಜಲಜಾ, ನಿನ್ನ ಸೀರೆ ಕೊಡು!" ಒಂದು ತುದಿ ಅವನು, ಇನ್ನೊಂದು ತುದಿ ರಸೂಲ್ ಸಾಬ್. ಗಂಡಸರು ಸೀರೆ ಮಡಿಸುವುದನ್ನು ನೋಡಲು ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಚಳಿಜ್ವರ ಬಂತು. ಅದರ ಮದ್ದು ಕ್ವಿನೈನ್ ಸಿಗಲಿಲ್ಲ. ಮಾರಪ್ಪ ಹೋದ.

ಅದನ್ನು ಉದ್ದ ಬರೆಯುವುದಕ್ಕೆ ಏನಿದೆ? ಹೋದ. ಜಲಜಮ್ಮ ಬಣ್ಣದ ಸೀರೆಗಳನ್ನೆಲ್ಲ ಕೊಟ್ಟುಬಿಟ್ಟಳು, ಅವರ ಕಡೆಯ ಪದ್ಧತಿಯಂತೆ. ಗಿಳಿಹಸಿರಿನದು ಮಾತ್ರ ಕೊಡಲು ಕೈ ಬರಲಿಲ್ಲ. ಉಡುವ ಹಾಗಿಲ್ಲ, ಕೊಡುವ ಹಾಗಿಲ್ಲ. ಪೆಟ್ಟಿಗೆಯ ತಳದಲ್ಲಿ ಇಟ್ಟಳು.

ತಿಂಗಳು ಕಳೆದ ಮೇಲೆ ಕರಿಯಣ್ಣ ಬಂದ. ಕೂದಲು ನೆರೆತಿತ್ತು. ಜಗಲಿಯ ಅದೇ ಜಾಗದಲ್ಲಿ ಕೂತ.

"ಗಂಟು ಕಟ್ಟಮ್ಮ. ಸಾಯಂಕಾಲದ ಬಸ್ಸಿದೆ. ಇಲ್ಲಿ ಇನ್ನೇನು ಉಳೀತು ನಿಂಗೆ?"

ಮಾತು ಒರಟಾದರೂ ಮನಸ್ಸು ಕೆಟ್ಟದ್ದಲ್ಲ. ಅವನ ಕಣ್ಣೂ ಒದ್ದೆಯಾಗಿತ್ತು. ಕಾರ್ಖಾನೆಯ ಹೆರಿಗೆ ವಾರ್ಡಿನಲ್ಲಿ ಆಯಾ ಕೆಲಸ ಕೊಡಿಸುತ್ತೇನೆ ಎಂದು ರಸೂಲ್ ಸಾಬ್ ಹೇಳಿದ್ದ. ಜಲಜಮ್ಮ ಹೂಂ ಎಂದಿರಲಿಲ್ಲ. ಒಳಗೆ ಹೋಗಿ ಗಂಟು ಕಟ್ಟತೊಡಗಿದಳು.

ಸಂಜೆ ಜಗಲಿಯ ಮೇಲೆ ಸದ್ದಾಯಿತು. ಕೂಲಿಯವರು ಬಂದು ಕೂತಿದ್ದರು. ಮಾರಪ್ಪ ಹೋದ ಮೇಲೆ ಪಾಠ ರಸೂಲ್ ಸಾಬನದು. ಅವನು ಬಾಗಿಲ ಹೊರಗೇ ನಿಂತು ಕೇಳಿದ.

"ಅಮ್ಮ, ಇವತ್ತು ತಲೆಯಂಕಿ ಪಾಠ. ಸೀರೆ ಬೇಕಿತ್ತು. ಇನ್ನೊಂದು ತುದಿ ಹಿಡಿಯೋಕೆ…" ಎಂದು ಅರ್ಧಕ್ಕೆ ನಿಲ್ಲಿಸಿದ.

ಜಲಜಮ್ಮ ಪೆಟ್ಟಿಗೆ ತೆಗೆದಳು. ಸೀರೆ ತಂದಳು. ಕೊಡಲಿಲ್ಲ. ಗಂಡ ಸತ್ತವಳು ಗಂಡಸರ ಎದುರು ಜಗಲಿಗೆ ಬಂದದ್ದು ನೋಡಿ ಕರಿಯಣ್ಣ ಕೆಮ್ಮಿದ. ಅವಳು ಒಂದು ತುದಿ ಹಿಡಿದಳು, ರಸೂಲ್ ಸಾಬ್ ಇನ್ನೊಂದು. ಆರು ಮಡಿಕೆ ಹಾಕಿದರು. ಎರಡು ಬಿಚ್ಚಿದರು, ಪದರ ಎಣಿಸಿದರು. ಆಮೇಲೆ ಮಿಕ್ಕ ನಾಲ್ಕನ್ನೂ ಬಿಚ್ಚಿದರು. ಜಗಲಿಯಿಂದ ಬೀದಿಯ ತನಕ ಹಸಿರು ನಿಂತಿತು.

"ಎಲ್ಲಾ ಬಿಚ್ಚಾಯ್ತು. ಉತ್ತರ ಎಷ್ಟು?" ಎಂದ ರಸೂಲ್ ಸಾಬ್.

ಕುಲುಮೆ ಕೆಲಸದ ಮುನಿಸ್ವಾಮಿ ಕೈಯೆತ್ತಿದ. "ಸೊನ್ನೆ, ಸಾರ್."

ರಸೂಲ್ ಸಾಬ್ ಬಾಯಿ ತೆರೆಯುವ ಮೊದಲೇ ಜಲಜಮ್ಮ ಅಂದಳು: "ಕಣ್ಣು ಬಿಟ್ಟು ನೋಡು ಮಾರಾಯ. ನನ್ನ ಕೈಯಲ್ಲಿ ಏನಿದೆ?"

"ಸೀರೆ, ಅಮ್ಮ."

"ಎಷ್ಟು ಪದರ?"

ಮುನಿಸ್ವಾಮಿ ತಲೆ ಕೆರೆದುಕೊಂಡ. "ಒಂದು."

"ಹಂಗೇ ಬರಿ."

ಅವನು ಬರೆದ. ಅವಳು ಭಾವನ ಕಡೆ ತಿರುಗಿದಳು. "ನೀವು ಬಂದಿದ್ದು ದೊಡ್ಡದು ಭಾವ. ನಾನು ಬರೋದಿಲ್ಲ."

ಬಸ್ಸು ಆಗಲೇ ಹೋಗಿತ್ತು. ತಮ್ಮ ಎರಡು ಸಲ ಫೇಲಾದ ಲೆಕ್ಕವನ್ನು ಕರಿಯಣ್ಣ ನೋಡಿದ್ದು ಅದೇ ಮೊದಲು. ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ.

"ಇನ್ನೊಂದು ಸಲ ಮಡಿಸಮ್ಮ," ಎಂದ. "ಆ ಎರಡು ಬಿಚ್ಚಿದ್ದು ನನಗೆ ಸರಿಯಾಗಿ ಕಾಣಲಿಲ್ಲ."