ಬಾಳಕ್ಕನ ಕರಾರು

ಇಳಕಲ್ಲಿನ ಬಾಳಕ್ಕ ಗಂಡ ಬಸಲಿಂಗಯ್ಯನ ಜೊತೆ ಕುವೈತಿನ ಅಬು ಹಲೀಫಾದಲ್ಲಿ ಸಂಸಾರ ಹೂಡಿ ಹಲವು ವರ್ಷಗಳಾಗಿದ್ದವು. ತಮ್ಮ ಶ್ರೀಕಾಂತನನ್ನೂ ಗಂಡನ ಕಂಪನಿಗೇ ಸೇರಿಸಿದ್ದಳು. 2007ರಲ್ಲಿ ಅವನು ಕೆಲಸದ ಜಾಗದಲ್ಲಿ ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಮೊದಲಿನ ಚುರುಕು ಉಳಿಯಲಿಲ್ಲ. ಯಾರು ನಕ್ಕು ಮಾತಾಡಿಸಿದರೂ ನಂಬಿಬಿಡುತ್ತಿದ್ದ. ಕಂಪನಿಯವರು ಅವನಿಗೆ ಉಗ್ರಾಣದಲ್ಲಿ ಹಗುರ ಕೆಲಸ ಕೊಟ್ಟರು. ಬಾಳಕ್ಕ ಅವನನ್ನು ಕೆಲಸಗಾರರ ಕ್ಯಾಂಪಿನಿಂದ ತನ್ನ ಮನೆಗೆ ಕರೆತಂದಳು.

ಮರುವರ್ಷ ಒಂದು ದಿನ ಹತ್ತಿರದ ಫಹಾಹೀಲ್‌ನ ಮೊಬೈಲ್ ಅಂಗಡಿಯಿಂದ ಮನೆಗೆ ಫೋನ್ ಬಂತು. ಶ್ರೀಕಾಂತ ಕಂತಿನಲ್ಲಿ ಎರಡು ಫೋನ್ ಕೊಂಡಿದ್ದಾನೆ, ಮೊದಲ ಕಂತು ಇನ್ನೂ ಬಂದಿಲ್ಲ ಎಂದರು. ಅವನ ಕೈಯಲ್ಲಿದ್ದದ್ದು ಅದೇ ಹಳೇ ಫೋನು.

“ಸುಕುಮಾರ ಕರಕೊಂಡು ಹೋಗಿದ್ದ,” ಎಂದ ಶ್ರೀಕಾಂತ. “ಸಾಕ್ಷಿ ಸಹಿ ಹಾಕು ಅಂದ. ಅಂಗಡ್ಯಾಗ ತೋರಸಾಕಂತ ನನ್ನ ಸಿವಿಲ್ ಐಡಿ ಕಾರ್ಡೂ ಇಸಕೊಂಡ, ಆಮ್ಯಾಲ ಕೊಟ್ಟ.”

ಸುಕುಮಾರ ಉಗ್ರಾಣದಲ್ಲಿ ಅವನ ಜೊತೆಗಾರ. ಫೋನು ಅವನಿಗೆ, ಸಾಲ ತಮ್ಮನಿಗೆ ಎಂದು ಬಾಳಕ್ಕನಿಗೆ ಹೊಳೆಯಿತು. ಆದರೂ ತಮ್ಮನನ್ನು ಬೈಯಲಿಲ್ಲ. ಬೆಳಿಗ್ಗೆ ಅವನನ್ನು ಕರೆದುಕೊಂಡೇ ಅಂಗಡಿಗೆ ಹೋದಳು.

ಅಂಗಡಿಯ ಅಹ್ಮದ್ ಬಾವಾ ಮಂಗಳೂರಿನ ಕಡೆಯವರು. ಕಂತಿನ ಕಾಗದ ತೆಗೆದು ತೋರಿಸಿದರು. “ಸಹಿ ಇವರದ್ದೇ ಅಲ್ವಾ ಅಕ್ಕ? ನಾನೆಂತ ಮಾಡ್ಲಿಕ್ಕಾಗ್ತದೆ?”

“ಅದರಾಗ ಏನ ಬರದೈತಿ ಅಂತ ಅವಗ ಕೇಳ್ರಿ.”

ಬಾವಾ ಕೇಳಿದರು.

“ಸುಕುಮಾರ ಫೋನ್ ತಗೊಂಡಾನ, ನಾ ನೋಡೀನಿ ಅಂತ ಬರದೈತಿ,” ಎಂದ ಶ್ರೀಕಾಂತ ಖುಷಿಯಿಂದ.

ಬಾವಾರ ಮುಖ ಸಣ್ಣದಾಯಿತು. ಅವರೇ ಸುಕುಮಾರನಿಗೆ ಫೋನ್ ಹಚ್ಚಿದರು. “ಎರಡೂ ಫೋನ್ ಸಂಜೆಯೊಳಗೆ ಇಲ್ಲಿ ಬರ್ಬೇಕು ಮಾರಾಯ. ಇಲ್ಲದಿದ್ರೆ ಪೊಲೀಸ್ ಹತ್ರ ಹೋಗ್ತೇನೆ. ನಿನ್ನ ಇಕಾಮಾ ಖಲಾಸ್, ಸೀದಾ ಊರಿಗೆ ಕಳಿಸ್ತಾರೆ!”

ಫೋನುಗಳು ಬಂದವು. ಬಾವಾ ಕಂತಿನ ಲೆಕ್ಕ ರದ್ದು ಮಾಡಿದರು. ಬಾಳಕ್ಕ ಅಷ್ಟಕ್ಕೇ ಬಿಡಲಿಲ್ಲ. ಬ್ಯಾಂಕಿಗೆ ಹೋಗಿ, ನನ್ನ ಹೆಸರಿನಲ್ಲಿ ಸಾಲವಾಗಲಿ ಕ್ರೆಡಿಟ್ ಕಾರ್ಡಾಗಲಿ ಕೊಡಬೇಡಿ ಎಂದು ತಮ್ಮನ ಕೈಯಿಂದಲೇ ಬರೆಸಿಕೊಟ್ಟಳು.

ಮನೆಗೆ ಮರಳುವ ಬಸ್ಸಿನಲ್ಲಿ ಶ್ರೀಕಾಂತನ ಕಣ್ಣು ತುಂಬಿತ್ತು. “ನಾ ಏನ್ ಸಣ್ಣ ಹುಡುಗ ಏನಕ್ಕಾ?”

ಆ ಮಾತು ಅವಳಿಗೆ ನಾಟಿತು. ಬ್ಯಾಂಕಿನಲ್ಲಿ ತೋರಿಸಿದ್ದ ಸಿವಿಲ್ ಐಡಿಯನ್ನು ಅವನ ಕೈಗಿಟ್ಟಳು.

“ಅಲ್ಲೋ ತಮ್ಮಾ. ನಿನ್ನ ಕಾರ್ಡು ನಿನ್ನ ಕಿಸೆದಾಗ ಇರಲಿ. ಸಹಿ ಮಾಡೂ ಮೊದಲ ನನಗ ಒಮ್ಮೆ ಓದಿ ಹೇಳು. ನಾನೂ ನಿನಗ ಓದಿ ಹೇಳತೀನಿ. ಆತಿಲ್ಲೋ?”

ಹೇಳಿದಂತೆಯೇ ನಡೆದುಕೊಂಡಳು. ಮನೆ ಬಾಡಿಗೆಯ ಕಾಗದವಿರಲಿ, ಮಗಳು ನೇತ್ರಾಳ ಶಾಲೆಯ ಚೀಟಿಯಿರಲಿ, ತಮ್ಮನ ಮುಂದೆ ಓದುವಳು. ಅವನು ಗಂಭೀರವಾಗಿ ಕೇಳಿ “ಹಾಂ, ಹಾಕು” ಎನ್ನುವನು. ಮೊದಮೊದಲು ನಗುತ್ತಿದ್ದ ಬಸಲಿಂಗಯ್ಯನೂ ಆಮೇಲೆ ತನ್ನ ಕಾಗದ ಹಿಡಿದು ಭಾವಮೈದುನನ ಪಕ್ಕ ಕೂರತೊಡಗಿದ.

ಒಂದು ಶುಕ್ರವಾರ ಎಲ್ಲರೂ ಮಾಲ್‌ಗೆ ಹೋಗಿದ್ದಾಗ, ಕ್ರೆಡಿಟ್ ಕಾರ್ಡ್ ಮಾರುವವನೊಬ್ಬ ಶ್ರೀಕಾಂತನ ಕೈಗೆ ಪೆನ್ನು ಕೊಟ್ಟ. ಬಾಳಕ್ಕ ಬಾಯಿ ತೆರೆಯುವಷ್ಟರಲ್ಲಿ ಶ್ರೀಕಾಂತನೇ, “ನಹೀ ಭಾಯಿ, ಪಹಲೇ ಘರ್ ಮೇ ಪಢೇಂಗೇ,” ಮೊದಲು ಮನೆಯಲ್ಲಿ ಓದುತ್ತೇವೆ ಎಂದು ಪೆನ್ನು ಮರಳಿಸಿದ. ನೇತ್ರಾಳ ಕೈ ಹಿಡಿದು ಮುಂದೆ ನಡೆದವನು, ಎಲ್ಲರಿಗೂ ತನ್ನ ಪಗಾರದಲ್ಲಿ ಐಸ್‌ಕ್ರೀಮ್ ಕೊಡಿಸಿದ.